ಓಬಳೆಪ್ಪ ತಟ್ಟಿದ ಗಾಡಿ

ನಮ್ಮಜ್ಜ ಓಬಳೆಪ್ಪ ಎತ್ತಿನ ಕಾಲು ನೋಡುತ್ತಿರಲಿಲ್ಲ, ಕೇಳುತ್ತಿದ್ದ. ಕೊಪ್ಪಳದ ಸ್ಟೇಷನ್ ರಸ್ತೆಯ ಬೇವಿನ ಮರದ ಕೆಳಗೆ ಅವನ ಜಾಗ. ಅಲ್ಲೊಂದು ಉದ್ದನೆಯ ಚಪ್ಪಡಿಗಲ್ಲು ಹಾಸಿತ್ತು. ಲಾಳ ಹೊಡೆಸಲು ಬಂದವರು ಮೊದಲು ಎತ್ತನ್ನು ಆ ಕಲ್ಲಿನ ಮೇಲೆ ನಡೆಸಬೇಕು. ಅಜ್ಜ ಬೆನ್ನು ತಿರುಗಿಸಿ ಕೂತು ಬೀಡಿ ಹಚ್ಚುತ್ತಿದ್ದ. ಗೊರಸಿನ ಸದ್ದಿನಲ್ಲಿ ಯಾವುದು ಹಗುರಾಯಿತು, ಯಾವುದು ತಡವಾಯಿತು ಎಂದು ಕೇಳಿ, "ಹಿಂದಿನ ಎಡಗಾಲು, ಒಳಗಿನ ಉಗುರು" ಎನ್ನುತ್ತಿದ್ದ. ಎತ್ತಿನ ಕಡೆ ತಿರುಗಿಯೂ ನೋಡದೆ ಹೀಗೆ ಹೇಳುವುದು ಸೊಕ್ಕಲ್ಲವೇ ಎಂದು ನಾನು ಕೇಳಿದರೆ ಅಜ್ಜಿ ಹುಲಿಗವ್ವ, "ಸೊಕ್ಕ ಮತ್ತ. ಬ್ಯಾರೆ ಏನಿತ್ತು ಅವರ ಹತ್ರ?" ಎನ್ನುತ್ತಿದ್ದಳು.

ಇನ್ನೊಂದು ಇತ್ತು, ಅದು ಅವನ ಬಲಗೈ. ಲಾಳ ಹೊಡೆದಾದ ಮೇಲೆ ಹಗ್ಗ ಬಿಚ್ಚಿ, ಎತ್ತನ್ನು ಎಬ್ಬಿಸಿ, ಮತ್ತೊಮ್ಮೆ ಕಲ್ಲಿನ ಮೇಲೆ ನಡೆಸಿ, ಸದ್ದು ಸರಿ ಕೇಳಿಸಿದರೆ ಮಾತ್ರ ಅದರ ಬೆನ್ನಿನ ಮೇಲೆ ಅಂಗೈಯಿಂದ ಒಮ್ಮೆ ತಟ್ಟುತ್ತಿದ್ದ. ಕನಕಗಿರಿಯ ಸಂತೆಯಲ್ಲಿ ದನ ಕೊಳ್ಳುವವರು ಆ ತಟ್ಟುವಿಕೆಗಾಗಿಯೇ ಅವನನ್ನು ಕರೆದೊಯ್ಯುತ್ತಿದ್ದರು. ಮಾರುವವನು ಎಷ್ಟು ಬೇಕಾದರೂ ಹೊಗಳಲಿ, ಓಬಳೆಪ್ಪನ ಅಂಗೈ ಬೆನ್ನಿಗೆ ಬಿದ್ದರೆ ಎತ್ತಿನಲ್ಲಿ ಐಬಿಲ್ಲ ಎಂದರ್ಥ. ಬೀಳದಿದ್ದರೆ ಕೊಳ್ಳುವವನು ಟವೆಲು ಕೊಡವಿ ಎದ್ದು ಹೋಗುತ್ತಿದ್ದ. ಸಹಿ ಇಲ್ಲ, ಸಾಕ್ಷಿ ಇಲ್ಲ. ಹೊಲವಿಲ್ಲದ, ಸ್ವಂತ ಎತ್ತಿಲ್ಲದ ಮನುಷ್ಯ ಅವನು. ಸುತ್ತಲಿನ ಊರುಗಳಲ್ಲಿ ಅವನಿಗೆ ಮರ್ಯಾದೆ ಇದ್ದದ್ದು ಆ ಅಂಗೈಯಿಂದ.

ಅವನ ಕೈಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಹುಚ್ಚೀರಪ್ಪ. ಬೇವೂರಿನ ಒಕ್ಕಲಿನ ಮನೆಯ ಹುಡುಗ, ಓದಿ ಯಲಬುರ್ಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ದನಕ್ಕೆ ರೋಗ ಬಿದ್ದಿದೆ ಎಂದು ಹಳ್ಳಿಯಿಂದ ಸುದ್ದಿ ಬಂದರೆ ಔಷಧಿಯ ಚೀಲ ಹೆಗಲಿಗೆ ಹಾಕಿಕೊಂಡು ನಡೆದೇ ಹೋಗುವವನು. ಹೋಗಿ ಮುಟ್ಟುವಷ್ಟರಲ್ಲಿ ಅರ್ಧ ದನ ಸತ್ತಿರುತ್ತಿದ್ದವು. ಅಜ್ಜನನ್ನು "ಓಬಳೆಪ್ಪಣ್ಣ" ಎಂದೇ ಕರೆಯುತ್ತಿದ್ದ. ಸಂತೆಗೆ ಬಂದಾಗ ಅಜ್ಜನ ಬುತ್ತಿಯಲ್ಲೇ ರೊಟ್ಟಿ ಹಂಚಿಕೊಂಡು ತಿನ್ನುತ್ತಿದ್ದ.

ಇನ್ನು ತಿರುಪತಿ. ಈ ಹೆಸರು ಬಂದಾಗಲೆಲ್ಲ ಅಜ್ಜಿ ಬಾಯೊಳಗಿನ ಎಲೆಯಡಿಕೆ ಉಗುಳಿ ಬಂದೇ ಮಾತು ಮುಂದುವರಿಸುತ್ತಿದ್ದಳು. ನಾನು ಉಗುಳುವುದಿಲ್ಲ, ಬರೆಯುತ್ತೇನೆ. ಆದರೆ ನನ್ನ ಸಿಟ್ಟೇನೂ ಅವಳದಕ್ಕಿಂತ ಕಡಿಮೆಯಿಲ್ಲ. ತಿರುಪತಿ ಕೊಪ್ಪಳದ ಹತ್ತಿ ಜಿನ್ನಿನಲ್ಲಿ ಫಿಟರ್. ಅಜ್ಜ ಮತ್ತು ಅವನು ಒಂದೇ ಓಣಿಯವರು, ಒಂದೇ ಬಾವಿಯಲ್ಲಿ ಈಜು ಕಲಿತವರು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷವಿದ್ದಾಗ ಜಿನ್ನಿನ ಮ್ಯಾನೇಜರ್ ಊರು ಬಿಟ್ಟ. ಹೋಗುವಾಗ ತನ್ನ ಹಳೆಯ ಫಟಫಟಿಯನ್ನು ತಿರುಪತಿಗೆ ಕೊಟ್ಟು ಹೋದ. ಆಗಿನ ಕೊಪ್ಪಳಕ್ಕೆ ಮೋಟಾರ್ ಸೈಕಲ್ ಎಂದರೆ ಅದೊಂದೇ. ಬಂತೆಂದರೆ ಓಣಿಯ ಕೋಳಿಗಳು ಮಾಳಿಗೆ ಏರುತ್ತಿದ್ದವು.

ಅದು ಬಂದದ್ದೇ ಗಲಗಲ ಎನ್ನುತ್ತ. ತಿರುಪತಿ ಎಂಜಿನ್ ಬಿಚ್ಚಿದ, ತೊಳೆದ, ಕಟ್ಟಿದ. ಗಲಗಲ ಹೋಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅದನ್ನು ತಳ್ಳಿಕೊಂಡು ಬೇವಿನ ಮರದ ಕೆಳಗೆ ಬಂದ.

"ಓಬಳ್ಯಾ, ಈ ಸಪ್ಪಳ ಎಲ್ಲಿಂದ ಬರಾಕತ್ತೈತಿ ಕೇಳು. ಬಿಚ್ಚಿ ಕಟ್ಟಿ ಸಾಕಾಗೇನಿ."

"ಇದೇನು ಎತ್ತೇನೋ? ಇದಕ್ಕ ಕಾಲೆಲ್ಲಿ ಅದಾವ?"

"ಕಾಲಿಲ್ಲಂದ್ರೂ ಕುಂಟತೈತಿ. ಕೇಳು."

ಅಜ್ಜನಿಗೆ ಎಂಜಿನ್ನಿನ ಗಂಧವೂ ಇರಲಿಲ್ಲ. ಆದರೆ ಕುಂಟುವ ಎತ್ತನ್ನು ನೊಗಕ್ಕೆ ಕಟ್ಟಿ ನೋಡಬಾರದು, ಬರಿಗಾಲಲ್ಲಿ ಬರಿದೇ ನಡೆಸಿ ನೋಡಬೇಕು ಎನ್ನುವುದು ಗೊತ್ತಿತ್ತು. "ಇದರ ಎಂಜಿನ್ ಬಂದ್ ಮಾಡಿ, ಸುಮ್ಮನ ಉರುಳಸೋಣು ನಡಿ" ಎಂದ. ಇಬ್ಬರೂ ಕೋಟೆ ಗುಡ್ಡದ ಬುಡದ ಏರಿಗೆ ಗಾಡಿಯನ್ನು ತಳ್ಳಿಕೊಂಡು ಹೋದರು. ತಿರುಪತಿ ಕೂತು, ಎಂಜಿನ್ ಹಚ್ಚದೆ ಇಳಿಜಾರಿನಲ್ಲಿ ಬಿಟ್ಟ. ಅಜ್ಜ ಪಕ್ಕದಲ್ಲಿ ಓಡಿದ. ಗಲಗಲ ಹಾಗೆಯೇ ಇತ್ತು. ಅಂದರೆ ತಪ್ಪು ಎಂಜಿನ್ನಿನದಲ್ಲ. ತಿರುಪತಿ ಅಷ್ಟು ದಿನ ಸುಮ್ಮನೆ ಅದರ ಹೊಟ್ಟೆ ಕೊಯ್ದಿದ್ದ. ಎರಡನೆಯ ಸಲ ಇಳಿಯುವಾಗ ಅಜ್ಜ ಓಡುತ್ತಲೇ ಒಂದೊಂದೇ ಕಡೆ ಅಂಗೈ ಒತ್ತುತ್ತ ಬಂದ. ಹಿಂದಿನ ಗಾಲಿಯ ಮೇಲಿನ ತಗಡಿಗೆ ಕೈ ಒತ್ತಿದ ಕೂಡಲೇ ಸದ್ದು ನಿಂತಿತು. ತಗಡನ್ನು ಹಿಡಿದ ಸರಳಿನ ಬೋಲ್ಟು ತೂತಿನಲ್ಲಿ ಸವೆದು ಕುಣಿಯುತ್ತಿತ್ತು. ಹಳೆಯ ಚಪ್ಪಲಿಯ ಅಟ್ಟೆಯಿಂದ ಒಂದು ಬಿಲ್ಲೆ ಕತ್ತರಿಸಿ ನಡುವೆ ಇಟ್ಟು ಬಿಗಿದರು.

ಅಲ್ಲಿಂದ ಅಜ್ಜನಿಗೆ ಹುಚ್ಚು ಹಿಡಿಯಿತು. ಬೆಳಗಿನ ಎತ್ತುಗಳು ಮುಗಿದವೆಂದರೆ ಜಿನ್ನಿನ ಕಡೆ ಕಾಲು ಕೀಳುತ್ತಿದ್ದ. ನಿಂತಲ್ಲೇ ಎಂಜಿನ್ ಹಚ್ಚಿದಾಗ ಬರುವ ಸದ್ದು ಬೇರೆ, ರಸ್ತೆಯ ಗುಂಡಿಗೆ ಏಳುವ ಸದ್ದು ಬೇರೆ, ಗಾಲಿ ತಿರುಗಿದಂತೆ ಏರಿಳಿಯುವ ಸದ್ದು ಬೇರೆ ಎಂದು ಕಂಡುಕೊಂಡ. ಎಂಜಿನ್ ಓಡುವಾಗ ಅದರ ಮೈಮೇಲೆ ಅಲ್ಲಲ್ಲಿ ಜೋಳದ ಕಾಳು ಇಟ್ಟು, ಎಲ್ಲಿಯ ಕಾಳು ಹೆಚ್ಚು ಕುಣಿಯುತ್ತದೆ ಎಂದು ನೋಡುತ್ತಿದ್ದ. ಒಮ್ಮೆ ಪೆಟ್ರೋಲ್ ಟಾಕಿಯ ಮೇಲಿನ ಕಾಳುಗಳು ನಿಲ್ಲದೆ ಉದುರಿದವು. ಟಾಕಿಯ ಕೆಳಗಿನ ರಬ್ಬರು ಕರಗಿ ಹೋಗಿತ್ತು. ಇನ್ನೊಮ್ಮೆ ಸದ್ದೇ ಇಲ್ಲ, ಆದರೆ ಓಡಿಸುವವನ ಕೈ ಜುಮ್ಮೆನ್ನುತ್ತಿತ್ತು. ಅಜ್ಜ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಮೊಳೆಯಿಂದ ಮೀಟಿದ. ಭಜನೆಯವರು ತಂಬೂರಿ ಮೀಟಿ ಶ್ರುತಿ ನೋಡುತ್ತಾರಲ್ಲ, ಹಾಗೆ. ಮಂಕಾಗಿ ನುಡಿದ ಕಡ್ಡಿಗಳನ್ನು ತಿರುಪತಿ ಪಾನಾ ಹಾಕಿ ಬಿಗಿದ. ಒಬ್ಬನ ಕಿವಿ, ಇನ್ನೊಬ್ಬನ ಪಾನಾ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮೇಸ್ತ್ರಿ ಆಗುತ್ತಿದ್ದರು ಎಂದು ನನಗನ್ನಿಸುತ್ತದೆ.

ಹಿಂದಿನ ಗಾಲಿಯ ಸದ್ದು ಕೇಳಲು ಅಜ್ಜ ಕ್ಯಾರಿಯರ್ ಮೇಲೆ ಹಿಂದುಮುಂದಾಗಿ ಕೂರುತ್ತಿದ್ದ. ತಿರುಪತಿಯ ಬೆನ್ನಿಗೆ ಬೆನ್ನು ಕೊಟ್ಟು, ತಲೆ ಬಗ್ಗಿಸಿ, ರುಮಾಲು ಹಾರಿಸಿಕೊಂಡು ಪೇಟೆಯಲ್ಲಿ ಹೋಗುವ ಗಂಡನನ್ನು ನೋಡಿ ಅಜ್ಜಿಗೆ ನಾಚಿಕೆಯಿಂದ ಸಾಯುವಂತಾಗುತ್ತಿತ್ತು.

"ಊರ ಮಂದಿ ನಗಾಕತ್ತಾರ" ಎಂದಳಂತೆ. "ನಾ ಕರದ್ರ ಕೇಳಸೂದಿಲ್ಲ. ಆ ಕಬ್ಬಿಣದ ಕುದರಿ ಕೆಮ್ಮಿದ್ರ ಓಡತೀರಿ."

"ಅದು ಸುಳ್ಳ ಕೆಮ್ಮೂದಿಲ್ಲಲೇ ಹುಲಿಗಿ" ಎಂದು ಅಜ್ಜ ನಕ್ಕನಂತೆ.

ಹುಚ್ಚೀರಪ್ಪ ಕೊಪ್ಪಳಕ್ಕೆ ಔಷಧಿ ಒಯ್ಯಲು ಬಂದಾಗ ಈ ಸವಾರಿ ನೋಡಿದ. ಗಾಡಿಯ ಸುತ್ತ ಒಂದು ಸುತ್ತು ಬಂದು, "ಓಬಳೆಪ್ಪಣ್ಣ, ಇಂಥಾದ್ದೊಂದು ನನಗಿದ್ರ ದನ ಸಾಯೂದರೊಳಗ ಹೋಗಿ ಮುಟ್ಟತಿದ್ದೆ ನೋಡು" ಎಂದ. ಆ ಮಾತನ್ನು ಅಜ್ಜ ಕೇಳಿ ಮರೆತ. ಪಕ್ಕದಲ್ಲೇ ಕೈ ಒರೆಸುತ್ತ ನಿಂತಿದ್ದ ತಿರುಪತಿ ಮರೆಯಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಮಳೆಗಾಲದಲ್ಲಿ ಹೊಸ ಸದ್ದೊಂದು ಹುಟ್ಟಿತು. ಗಲಗಲವಲ್ಲ, ಒಂದೇ ಒಂದು "ಟಕ್". ಬ್ರೇಕ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ. ತಿರುಪತಿಗೆ ಅದು ಕೇಳಿಸಿಯೇ ಇರಲಿಲ್ಲ. ಅಜ್ಜ ಮಾತ್ರ ಕೂಡಲೇ ಗಾಡಿ ನಿಲ್ಲಿಸೆಂದ, ಏಕೆಂದರೆ ಬಂಡಿಯ ಅಚ್ಚು ಮುರಿಯುವ ಮೊದಲು ಹೀಗೆಯೇ ಸದ್ದು ಮಾಡುವುದನ್ನು ಅವನು ಕೇಳಿದ್ದ. ತಿರುಪತಿಗೆ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಆಡಿಸಲು ಹೇಳಿ, ಮುಂದಿನ ಗಾಲಿಯನ್ನು ಹಿಡಿದ ಕಬ್ಬಿಣದ ಕವಲಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ತಡವುತ್ತ ಬಂದ. ಕವಲು ಹ್ಯಾಂಡಲ್ ಕೆಳಗೆ ಸೇರುವ ಗಂಟಿನ ಹತ್ತಿರ ಬೆರಳಿಗೆ ಚಿಟಿಕೆ ಹೊಡೆದಂತಾಯಿತು.

ಕಣ್ಣಿಗೆ ಏನೂ ಕಾಣಲಿಲ್ಲ. ಆಗ ತಿರುಪತಿಯೇ ಜಿನ್ನಿನಲ್ಲಿ ಮಾಡುವ ಉಪಾಯ ಮಾಡಿದ. ಆ ಜಾಗಕ್ಕೆ ಚಿಮಣಿ ಎಣ್ಣೆ ಹಚ್ಚಿ, ಒರೆಸಿ, ಮೇಲೆ ಒಣ ಸುಣ್ಣದ ಪುಡಿ ಬಳಿದು ಗಾಡಿಯನ್ನು ಅಲುಗಾಡಿಸಿದ. ಬಿರುಕಿನೊಳಗೆ ಕೂತಿದ್ದ ಎಣ್ಣೆ ಹೊರಗೆ ಜಿನುಗಿ, ಬಿಳಿ ಸುಣ್ಣದ ಮೇಲೆ ಕೂದಲೆಳೆಯಂಥ ಗೆರೆಯೊಂದು ಮೂಡಿತು. ಗೆರೆ ಕವಲಿನ ಅರ್ಧ ಸುತ್ತಿಗೆ ಹೋಗಿತ್ತು. ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದರು. ಈ ಮಾತನ್ನು ಅಜ್ಜಿ ಎರಡೆರಡು ಸಲ ಹೇಳುತ್ತಿದ್ದಳು: ಇಬ್ಬರೂ ನೋಡಿದರು.

"ತಿರುಪತಿ, ಇನ್ನ ಇದನ್ನ ಹತ್ತಬ್ಯಾಡ" ಎಂದ ಅಜ್ಜ. "ಇಳಿಜಾರಿನ್ಯಾಗ ಬ್ರೇಕ್ ಒತ್ತಿದ್ರ ಕವಲು ಮುರದು ಮುಖ ಒಡೀತೈತಿ."

"ಹೊಸಾದು ಮುಂಬಯಿಂದ ತರಸಬೇಕು. ತರಸೋಣು ಬಿಡು" ಎಂದ ತಿರುಪತಿ. ಸುಣ್ಣದ ಪುಡಿ ಒರೆಸುತ್ತ, "ಖಂಡೇಪೂಜಿ ಬಂತು. ಜಿನ್ನಿನ್ಯಾಗ ಎಲ್ಲಾ ಯಂತ್ರಕ್ಕೂ ಪೂಜಿ ಮಾಡತಾರ. ಮಾಲಕರು ಬರತಾರ. ಅಂಗಳದಾಗ ಒಂದು ಸುತ್ತು ತಿರುಗಿಸಿ ನಿಂದರಸತೀನಿ. ಅಷ್ಟರ ಮಟ್ಟಿಗೆ ಸಪ್ಪಳ ಅಡಗಸಿಕೊಡು. ಎಲ್ಲಾರ ಮುಂದ ಟಕ್ ಟಕ್ ಅಂದ್ರ ಫಿಟರ್ ಅನ್ನಿಸಿಕೊಂಡು ಹೆಂಗ ನಿಂದರಲಿ?" ಎಂದ.

ಅಜ್ಜ ಒಪ್ಪಬಾರದಿತ್ತು. ಕಾಲು ನೋಯುವ ಎತ್ತಿಗೆ ಸೆರೆ ಕುಡಿಸಿ ಸಂತೆಗೆ ತರುವವರನ್ನು ಅವನೇ ಎಷ್ಟೋ ಸಲ ಬೈದು ಅಟ್ಟಿದ್ದ. ಆದರೆ ಕೇಳಿದವನು ತಿರುಪತಿ. ಹಸಿ ತೊಗಲಿನ ಪಟ್ಟಿ ತಂದು ಬಿರುಕಿನ ಮೇಲೆ ಬಿಗಿಯಾಗಿ ಸುತ್ತಿದ. ಒಣಗಿದಂತೆ ತೊಗಲು ಎಳೆದು ಹಿಡಿಯಿತು, ಟಕ್ ನಿಂತಿತು. ಬಂಡಿಯ ಗಾಲಿಯ ನಡುವಿನ ಗುಂಬಕ್ಕೆ ಹೀಗೆ ಕಟ್ಟುವುದು ವಾಡಿಕೆ. "ಬರೇ ಅಂಗಳದಾಗ. ಮರುದಿನ ನಾನ ಬಂದು ಕೊಯ್ದು ತಗೀತೀನಿ. ನೀರು ಬಿದ್ರ ತೊಗಲು ಸಡಲತೈತಿ, ನೆಪ್ಪಿರಲಿ" ಎಂದು ಹೇಳಿ ಬಂದ.

ಪೂಜೆಯ ದಿನ ಹೋಗಿ ನೋಡಿದರೆ ತೊಗಲು ಕಾಣಲೇ ಇಲ್ಲ. ಕಿನ್ನಾಳದ ಚಿತ್ರಗಾರರು ಗೊಂಬೆಯ ಸೀಳು ಮುಚ್ಚಲು ಬಳಸುವ ಹುಣಸೆ ಬೀಜದ ಅಂಟಿನ ಮುದ್ದೆಯನ್ನು ತಂದು ತಿರುಪತಿ ಅದರ ಮೇಲೆ ಮೆತ್ತಿ, ಉಜ್ಜಿ, ಕರಿ ಬಣ್ಣ ಹೊಡೆದಿದ್ದ. ಕವಲು ಹೊಸದರಂತೆ ಹೊಳೆಯುತ್ತಿತ್ತು.

"ಇದ್ಯಾಕೋ?"

"ಪೂಜಿ ಅಂದ ಮ್ಯಾಲ ಬಣ್ಣ ಬ್ಯಾಡೇನು? ಅಲ್ನೋಡು, ಜಿನ್ನಿನ ಗಾಲಿಗೂ ಹೊಡದೀವಿ."

ಹೌದು, ಹೊಡೆದಿದ್ದರು. ತಿರುಪತಿ ಅಂಗಳದಲ್ಲಿ ಒಂದು ಸುತ್ತು ಓಡಿಸಿದ. ಗಾಡಿ ಉಸಿರೆತ್ತದೆ ತಿರುಗಿ ಬಂತು. ನಿಂಬೆಹಣ್ಣು ಒಡೆದು, ಕಾಯಿ ಒಡೆದು, ಕುಂಕುಮ ಹಚ್ಚಿದ ಮೇಲೆ ತಿರುಪತಿ ಅಜ್ಜನ ಕಿವಿಯ ಹತ್ತಿರ ಬಗ್ಗಿದ.

"ಒಂದು ಸಲ ತಟ್ಟು ಓಬಳ್ಯಾ."

ಅಜ್ಜ ಕೈ ಹಿಂದೆ ಕಟ್ಟಿಕೊಂಡ. "ಅದೊಂದು ಬ್ಯಾಡ. ಐಬ ಐತೆಲ್ಲೋ ಅದರಾಗ."

"ಮಾರಾಕತ್ತೇನೇನು ಹೆದರಾಕ? ದೇವಿ ಹುಲಿಗೆಮ್ಮನ ಆಣಿ, ಯಾರಿಗೂ ಕೊಡೂದಿಲ್ಲ. ಇದು ನಮ್ಮಿಬ್ಬರ ಗಾಡಿ. ಮಾಲಕರ ಮುಂದ ನನ್ನ ಮರ್ಯಾದಿ ಉಳಸು."

ಅಜ್ಜ ತಟ್ಟಿದ. ಟಾಕಿಯ ಮೇಲೆ, ಎತ್ತಿನ ಬೆನ್ನಿಗೆ ತಟ್ಟುವಂತೆಯೇ, ಅಂಗೈ ಪೂರ್ತಿ ಊರಿ. ಮಂದಿಯ ನಡುವೆ ಹುಚ್ಚೀರಪ್ಪ ಕೊಬ್ಬರಿ ಚೂರು ಹಿಡಿದು ನಿಂತಿದ್ದನ್ನು ಕಂಡು ಅಜ್ಜ ನಕ್ಕ, ಅವನೂ ನಕ್ಕ. ಪ್ರಸಾದಕ್ಕೆ ಬಂದಿದ್ದಾನೆ ಎಂದುಕೊಂಡ ನಮ್ಮಜ್ಜ. ಎತ್ತಿನ ಕುಂಟನ್ನು ಬೆನ್ನು ತಿರುಗಿಸಿ ಕೂತು ಹೇಳುವವನಿಗೆ ಎದುರಿಗಿದ್ದವರ ನಗು ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಕೊಯ್ಯುವ ಚೂರಿ ಹಿಡಿದು ಜಿನ್ನಿಗೆ ಹೋದ. ಗಾಡಿ ಇರಲಿಲ್ಲ. "ಹುಬ್ಬಳ್ಳಿಗೆ ರೈಲಿಗೆ ಹಾಕೇನಿ. ಅಲ್ಲೇ ಬೆಸಿಗಿ ಹಾಕತಾರಂತ" ಎಂದ ತಿರುಪತಿ, ಮುಖ ನೋಡಿಯೇ. ಅಜ್ಜನಿಗೆ ಸಂತೋಷವಾಯಿತು. ಮನೆಗೆ ಬಂದು ಅಜ್ಜಿಗೆ, "ನನ್ನ ಮಾತು ಕೇಳಿದ ನೋಡು" ಎಂದನಂತೆ.

ಹಿಂಗಾರಿ ಮಳೆ ಹಿಡಿಯಿತು. ಬೇವೂರಿನ ಕಡೆಯ ರೈತನೊಬ್ಬ ಎತ್ತು ಹೊಡೆದುಕೊಂಡು ಬಂದವನು, ಅದನ್ನು ಕಲ್ಲಿನ ಮೇಲೆ ನಡೆಸುತ್ತಲೇ ಸುದ್ದಿ ಹೇಳಿದ. "ನಮ್ಮ ಕಂಪೌಂಡರ್ ಫಟಫಟಿ ತಗೊಂಡಾನ ನೋಡಪಾ. ಒಂದಿಷ್ಟು ಗಲಗಲ ಇಲ್ಲ. ಓಬಳೆಪ್ಪಣ್ಣ ತಟ್ಟಿದ ಗಾಡಿ ಅಂತ ಊರ ತುಂಬ ಹೇಳಕೊಂತ ತಿರಗತಾನ. ಮಳಿ ಹೊಡದು ಹಳ್ಳ ಬಂದೈತಿ, ನೀರಾಗೂ ದಾಟಸ್ತಾನ."

ಅಜ್ಜ ಎತ್ತನ್ನು ಹಾಗೆಯೇ ಬಿಟ್ಟು ಎದ್ದ. ಜಿನ್ನಿಗೆ ಹೋಗಿ ತಿರುಪತಿಯನ್ನು ಕೇಳುವಷ್ಟು ಪುರಸೊತ್ತೂ ಇರಲಿಲ್ಲ. ನೀರು ಬಿದ್ದರೆ ತೊಗಲು ಸಡಿಲುತ್ತದೆ, ಸಡಿಲಿದರೆ ಮತ್ತೆ ಟಕ್ ಎನ್ನುತ್ತದೆ. ಆ ಟಕ್ ಹುಚ್ಚೀರಪ್ಪನಿಗೆ ಕೇಳಿಸುವುದಿಲ್ಲ. ಕೇಳಿಸಿದರೂ ಅವನು ಅಂಜುವುದಿಲ್ಲ, ಏಕೆಂದರೆ ಅದು ಓಬಳೆಪ್ಪಣ್ಣ ತಟ್ಟಿದ ಗಾಡಿ. ಹೊರಟಿದ್ದ ಬಂಡಿಯೊಂದನ್ನು ಹತ್ತಿದ, ಬಂಡಿ ನಿಧಾನವೆನಿಸಿ ಇಳಿದು ಓಡಿದ, ಸುಸ್ತಾಗಿ ಇನ್ನೊಂದು ಬಂಡಿ ಹತ್ತಿದ. ದಾರಿಯಲ್ಲಿ ಸಿಕ್ಕವರಿಗೆಲ್ಲ, "ಕಂಪೌಂಡರ್ ಸಿಕ್ರ ಗಾಡಿ ಇಳೀ ಅನ್ರಿ" ಎನ್ನುತ್ತ ಹೋದ.

ಬೇವೂರು ಇನ್ನೂ ಮುಂದಿರುವಾಗ ಎದುರಿಗೆ ಒಂದು ಬಂಡಿ ಬಂತು. ಹಾಸಿದ ಜೋಳದ ಕಣಕಿಯ ಮೇಲೆ ಹುಚ್ಚೀರಪ್ಪ ಮಲಗಿದ್ದ, ಎಡಗಾಲು ಮೊಣಕಾಲಿನ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು. ಅವನ ಪಕ್ಕದಲ್ಲಿ ಫಟಫಟಿ ಅಡ್ಡ ಬಿದ್ದಿತ್ತು. ಕವಲು ಮುರಿದಿತ್ತು. ಮುರಿದ ಜಾಗದಿಂದ ನೆನೆದು ಮೆತ್ತಗಾದ ತೊಗಲಿನ ಪಟ್ಟಿ ಜೋತಾಡುತ್ತಿತ್ತು, ಅದಕ್ಕೆ ಹುಣಸೆ ಬೀಜದ ಮುದ್ದೆ ಅಲ್ಲಲ್ಲಿ ಅಂಟಿಕೊಂಡಿತ್ತು. ಹುಚ್ಚೀರಪ್ಪ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದ. ದನದ ಕೆಲಸದವನು, ತೊಗಲು ಯಾರು ಹೀಗೆ ಸುತ್ತುತ್ತಾರೆ ಎನ್ನುವುದು ಅವನಿಗೆ ಗೊತ್ತಾಗದೆ ಇರುತ್ತದೆಯೇ?

"ಓಬಳೆಪ್ಪಣ್ಣ, ಇದು ನಿನ್ನ ಕೈಯಾಗಿನ ಗಂಟು ಹೌದಿಲ್ಲೋ?"

ಅಜ್ಜ ಬಂಡಿಯ ಗೂಟ ಹಿಡಿದು ನಿಂತ. "ಹೌದಪಾ. ಆದ್ರ ನನಗ..."

"ತಿರುಪತಿ ಅಂದ, ಮಾರತೀನಂದ್ರ ಓಬಳೆಪ್ಪ ಬ್ಯಾಸರ ಮಾಡಕೋತಾನ, ಏನೂ ಕೇಳಬ್ಯಾಡ್ರಿ, ಅವನ ಕೈ ಅಷ್ಟ ನೋಡ್ರಿ ಅಂತ. ನಾ ಕೈ ನೋಡಿದೆ. ನೀ ತಟ್ಟಿದಿ. ನನ್ನ ಮುಖ ನೋಡಿ ನಕ್ಕಿದಿ."

ಮುಂದೆ ಅಜ್ಜ ಏನು ಹೇಳಿದರೂ ಹುಚ್ಚೀರಪ್ಪ ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡ.

ಕೊಪ್ಪಳದ ಚಾವಡಿಯಲ್ಲಿ ಹಿರಿಯರು ಸೇರಿದರು. ಅಜ್ಜನೇ ಸೇರಿಸಿದ್ದು, ನಿಜ ಹೇಳಿದರೆ ಎಲ್ಲರಿಗೂ ಕೇಳಿಸುತ್ತದೆ ಎಂಬ ಭರವಸೆ ಅವನಿಗೆ. ತಿರುಪತಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

"ನಾ ಗಾಡಿ ಛಲೋ ಐತಿ ಅಂತ ಒಂದು ಮಾತೂ ಅಂದಿಲ್ರಿ. ಓಬಳೆಪ್ಪನ ಕೈ ನೋಡಿ ತಗೋರಿ ಅಂದೆ. ಕೈ ನಂದಲ್ಲ" ಎಂದ.

ಹಿರಿಯರಲ್ಲೊಬ್ಬರು ಅಜ್ಜನ ಕಡೆ ತಿರುಗಿದರು. "ಬಿರುಕು ಇದ್ದದ್ದು ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ತೊಗಲು ಸುತ್ತಿದವ ಯಾರು?"

"ನಾನ ರೀ."

"ತಟ್ಟಿದವ?"

"ನಾನ ರೀ. ಆದ್ರ ಮಾರೂದಿಲ್ಲ ಅಂತ ಇವ ಹುಲಿಗೆಮ್ಮನ ಆಣಿ ಮಾಡಿದ್ನರಿ. ಹೇಳಲೇ ತಿರುಪತಿ, ಮಾಡಿದ್ದಿಲ್ಲೇನು?"

ತಿರುಪತಿ ಅಜ್ಜನ ಮುಖವನ್ನೇ ನೋಡಿದ. "ಯಾರ ಮುಂದ ಮಾಡಿದ್ದೆ?" ಎಂದು ಕೇಳಿದ.

ಯಾರ ಮುಂದೆಯೂ ಅಲ್ಲ. ಅವನು ಪಿಸುಗುಟ್ಟಿದ್ದು ಒಂದೇ ಕಿವಿಯಲ್ಲಿ. ಊರೆಲ್ಲ ನಂಬಿದ್ದ ಆ ಕಿವಿಗೆ ಚಾವಡಿಯಲ್ಲಿ ಸಾಕ್ಷಿಯ ಬೆಲೆ ಸಿಗಲಿಲ್ಲ. ಹಿರಿಯರು ಇಬ್ಬರದೂ ತಪ್ಪೆಂದು ಹೇಳಿ ಎದ್ದರು. ಇಬ್ಬರದೂ ತಪ್ಪು ಎಂದರೆ ಊರವರು ಒಬ್ಬರದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಸುಳ್ಳು ಹೇಳುವುದು ತಿರುಪತಿಯಂಥವರ ಗುಣ ಎಂದು ಬಿಟ್ಟುಬಿಟ್ಟರು. ಓಬಳೆಪ್ಪನ ಕೈ ಸುಳ್ಳು ಹೇಳಿತಲ್ಲ ಎನ್ನುವುದೇ ದೊಡ್ಡ ಮಾತಾಯಿತು. ಮುಂದಿನ ಯುಗಾದಿಗೆ ತಿರುಪತಿ ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ಹೋಗಿ ಸೇರಿಕೊಂಡ. ಆ ಕೆಲಸ ಪೂಜೆಗಿಂತ ಮೊದಲೇ ಗೊತ್ತಾಗಿತ್ತಂತೆ. ಊರು ಬಿಡುವವನಿಗೆ ಮುರುಕು ಗಾಡಿ ಯಾರ ತಲೆಗಾದರೂ ಕಟ್ಟಬೇಕಿತ್ತು, ಕಟ್ಟಿದ. ಹೋಗುವಾಗ ಓಣಿಯವರಿಗೆಲ್ಲ ಹೇಳಿ ಹೋದ, ನಮ್ಮ ಮನೆಯ ಮುಂದೆ ಮಾತ್ರ ನಿಲ್ಲಲಿಲ್ಲ. ಅಜ್ಜ ಬಾಗಿಲಲ್ಲೇ ಕೂತಿದ್ದ. "ಅವನ ಬೈಗಳಾ ತಿಂದು ಹೋಗ್ಲಿ ಅಂತ ನಾ ಹೊರಗ ಬಂದ್ರ ಇವರು ನನ್ನ ಕೈ ಹಿಡದು ಕುಂದ್ರಿಸಿದ್ರು" ಎನ್ನುತ್ತಿದ್ದಳು ಅಜ್ಜಿ. "ಬೈದಿದ್ರ ಒಂದಿಷ್ಟು ಹಗುರರೆ ಆಗತಿತ್ತು."

ಹುಚ್ಚೀರಪ್ಪನ ಕಾಲನ್ನು ಎಲುಬು ಕೂಡಿಸುವ ಹಾಡವೈದ್ಯರು ಕಟ್ಟಿದರು, ಕೂಡಿತು, ಆದರೆ ಗಿಡ್ಡಾಯಿತು. ಅವನಿಗೆ ಹಳ್ಳಿ ತಿರುಗುವ ಕೆಲಸ ತಪ್ಪಿ, ದವಾಖಾನೆಯಲ್ಲೇ ಕೂತು ಔಷಧಿ ಅರೆಯುವುದಾಯಿತು. ದನಕ್ಕೆ ರೋಗ ಬಿದ್ದ ಸುದ್ದಿ ಬಂದರೆ ಬಾಗಿಲವರೆಗೆ ಬಂದು ನಿಲ್ಲುತ್ತಿದ್ದನಂತೆ. ಅಜ್ಜ ಮೂರು ಸಲ ಯಲಬುರ್ಗಿಗೆ ಹೋದ. ಮೂರು ಸಲವೂ "ಒಳಗ ಕೆಲಸದಾಗ ಅದಾನ" ಎಂದು ಹೇಳಿ ಕಳಿಸಿದರು.

ಅಜ್ಜ ತಟ್ಟುವುದನ್ನು ಬಿಟ್ಟ. ಲಾಳ ಹೊಡೆಯುತ್ತಿದ್ದ, ಕಲ್ಲಿನ ಮೇಲೆ ನಡೆಸಿ ಕೇಳುತ್ತಿದ್ದ, "ಸರಿ ಐತಿ, ಹೊಡಕೊಂಡು ಹೋಗ್ರಿ" ಎನ್ನುತ್ತಿದ್ದ. ಎತ್ತು ಮರದ ನೆರಳು ದಾಟುವವರೆಗೆ ಸುತ್ತಿಗೆಯನ್ನು ಬಲಗೈಯಿಂದ ಕೆಳಗಿಡುತ್ತಿರಲಿಲ್ಲ. ಹೊರಗಿನವರು ಗೊತ್ತಿಲ್ಲದೆ ತಟ್ಟಲಿ ಎಂದು ಕಾಯುತ್ತ ನಿಲ್ಲುತ್ತಿದ್ದರು. ಊರವರು ಅವರ ತೋಳು ಹಿಡಿದು ಕರೆದೊಯ್ಯುತ್ತಿದ್ದರು. ಕನಕಗಿರಿಯ ಸಂತೆಗೆ ಯಾರೂ ಕರೆಯಲಿಲ್ಲ. ಯುದ್ಧ ಬಂತು, ಧಾರಣೆ ಏರಿತು, ಯುದ್ಧ ಮುಗಿಯಿತು. ಅಷ್ಟೂ ವರ್ಷ ಅವನ ಅಂಗೈ ಒಂದು ಎತ್ತಿನ ಬೆನ್ನನ್ನೂ ಮುಟ್ಟಲಿಲ್ಲ.

ಯುದ್ಧ ಮುಗಿದ ಮರುವರ್ಷದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಅಜ್ಜ ಎಂದಿನಂತೆ ಬೆನ್ನು ತಿರುಗಿಸಿ ಕೂತಿದ್ದ. ಅಜ್ಜಿ ಬುತ್ತಿ ತಂದಿದ್ದಳು. ಹಿಂದೆ ಕಲ್ಲಿನ ಮೇಲೆ ಎತ್ತೊಂದು ನಡೆಯಿತು. ಅದರ ಜೊತೆಗೆ ಹಗ್ಗ ಹಿಡಿದವನ ಹೆಜ್ಜೆಯೂ ಕೇಳಿಸಿತು. ಬಲಗಾಲು ಊರಿತು, ಕೋಲು ಊರಿತು, ಆಮೇಲೆ ತಡವಾಗಿ ಎಡಗಾಲು. ಅಜ್ಜನ ಕೈಯೊಳಗಿನ ಬೀಡಿ ಕೆಳಗೆ ಬಿತ್ತು. ತಿರುಗಿ ನೋಡದೆಯೇ ಯಾರೆಂದು ಅವನಿಗೆ ಗೊತ್ತಾಯಿತು.

"ಮುಂದಿನ ಬಲಗಾಲು" ಎಂದ. "ಹೊರಗಿನ ಉಗುರಿನ್ಯಾಗ ಮುಳ್ಳು ಮುರದೈತಿ."

"ನಮ್ಮ ಕಡೆ ಯಾರಿಗೂ ತಿಳೀಲಿಲ್ರಿ. ಅದಕ್ಕ ಇಲ್ಲಿ ತನಕಾ ಬಂದೆ" ಎಂದ ಹುಚ್ಚೀರಪ್ಪ. ಅಣ್ಣ ಎನ್ನಲಿಲ್ಲ. ಸಾಹುಕಾರರಿಗೆ, ಅಪರಿಚಿತರಿಗೆ ಕೊಡುವ ಮರ್ಯಾದೆ ಕೊಟ್ಟು ಮಾತಾಡಿದ.

ಅಜ್ಜ ಎತ್ತನ್ನು ಕೆಡವಿ, ಮುಳ್ಳು ತೆಗೆದು, ಉಗುರು ಕೆತ್ತಿ, ಲಾಳ ಹೊಡೆದ. ಅವತ್ತು ತೆಗೆದುಕೊಂಡಷ್ಟು ಹೊತ್ತು ಯಾವ ಎತ್ತಿಗೂ ತೆಗೆದುಕೊಂಡಿರಲಿಲ್ಲವಂತೆ. ಎಬ್ಬಿಸಿ ಕಲ್ಲಿನ ಮೇಲೆ ನಡೆಸಿದರು. ಸದ್ದು ಸಮವಾಗಿತ್ತು. ಐಬಿರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅಜ್ಜ ಸುತ್ತಿಗೆ ಕೆಳಗಿಟ್ಟ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಅಜ್ಜಿ ಬುತ್ತಿಯ ಗಂಟು ಹಿಡಿದು ಹಾಗೆಯೇ ನಿಂತಳು. ಅಜ್ಜ ಎತ್ತಿನ ಬೆನ್ನಿನ ಕಡೆ ಕೈ ಎತ್ತಿದ.

ಹುಚ್ಚೀರಪ್ಪ ಮೂಗುದಾರ ಎಳೆದ. ಎತ್ತು ಒಂದು ಹೆಜ್ಜೆ ಮುಂದೆ ಸರಿಯಿತು.

"ಲಾಳ ಹೊಡದ್ರಲ್ಲ, ಸಾಕ್ರಿ" ಎಂದ. "ತಟ್ಟಬ್ಯಾಡ್ರಿ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅಜ್ಜಿಗೆ ತಡೆದುಕೊಳ್ಳಲಾಗಲಿಲ್ಲ. ಅಜ್ಜನ ಕೈ ಎತ್ತಿದಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ತಿರುಗಿ, ಕೂರುವ ಜಾಗದಲ್ಲಿ ಕೂತು, ಬೆನ್ನು ಮಾಡಿಕೊಂಡು ಕೇಳಿದ. ಎತ್ತಿನ ಹೆಜ್ಜೆಗಳೆಲ್ಲ ಸರಿಯಾಗಿ ಬೀಳುತ್ತಿದ್ದವು. ಅದರ ಪಕ್ಕದಲ್ಲಿ ಒಂದು ಕಾಲು ತಡವಾಗಿ ಬೀಳುತ್ತ ಸ್ಟೇಷನ್ ರಸ್ತೆ ದಾಟಿ ಹೋಯಿತು.